ಮಾರಾಟಕ್ಕಿಲ್ಲದ ಕಾರುಗಳು: ಕಾನ್ಸೆಪ್ಟ್ ಕಾರಿನ ವಿನ್ಯಾಸ ಚರಿತ್ರೆ, 1938–1970

ಮಾರುವ ಉದ್ದೇಶವಿಲ್ಲದೆ, ಹೊಸ ಆಕಾರವನ್ನೋ ಹೊಸ ಯಂತ್ರವನ್ನೋ ಜನರ ಕಣ್ಣಿಗೆ ಬಿಟ್ಟು ನೋಡುವುದಕ್ಕಾಗಿಯೇ ಕಟ್ಟಿದ ವಾಹನವೇ ಕಾನ್ಸೆಪ್ಟ್ ಕಾರು. 1950ರ ದಶಕದ ಅಮೆರಿಕದಲ್ಲಿ ಇದನ್ನು ‘ಕನಸಿನ ಕಾರು’ ಎನ್ನುತ್ತಿದ್ದರು. ಜನರಲ್ ಮೋಟರ್ಸ್ 1938ರಲ್ಲಿ ಕಟ್ಟಿದ ಬ್ಯೂಕ್ ವೈ-ಜಾಬ್ ಈ ಸಾಲಿನ ಮೊದಲನೆಯದೆಂಬುದು ಸಾಮಾನ್ಯ ಅಭಿಪ್ರಾಯ. ಅದನ್ನು ರೂಪಿಸಿದವನು ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್. ಇಬ್ಬರೇ ಕೂರಬಹುದಾದ ಈ ಉದ್ದನೆಯ ಕಾರಿನಲ್ಲಿ ಹೆಡ್‌ಲೈಟುಗಳು ಬೇಡವಾದಾಗ ಒಳಗೆ ಅಡಗುತ್ತಿದ್ದವು, ಕಿಟಕಿಯ ಗಾಜು ವಿದ್ಯುತ್ತಿನಿಂದ ಏರಿಳಿಯುತ್ತಿತ್ತು, ಬಾಗಿಲ ಹಿಡಿಗಳು ಮೈಗೆ ಸಮನಾಗಿದ್ದವು. ಅರ್ಲ್ ಇದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ವರ್ಷಗಟ್ಟಲೆ ತಾನೇ ಓಡಿಸಿಕೊಂಡು ತಿರುಗಿದ. ಕಂಪನಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಸಿಗುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಕಾರಿನ ವಿನ್ಯಾಸಕರ ಕಣ್ಣು ವಿಮಾನದ ಮೇಲೆ ನೆಟ್ಟಿತು. ಜನರಲ್ ಮೋಟರ್ಸ್‌ನ 1951ರ ಲೆ ಸೇಬರ್ ತನ್ನ ಹೆಸರನ್ನೇ ಎಫ್-86 ಸೇಬರ್ ಯುದ್ಧವಿಮಾನದಿಂದ ಪಡೆಯಿತು. ಮುಂಭಾಗದಲ್ಲಿ ಜೆಟ್ ಎಂಜಿನ್ನಿನ ಬಾಯಿಯನ್ನು ಹೋಲುವ ತೆರಪು, ಹಿಂದೆ ಬಾಲದ ರೆಕ್ಕೆಗಳು, ಬದಿಗಳಿಗೆ ಸುತ್ತಿ ಬರುವ ಮುಂಗಾಜು. ಮಳೆ ಹನಿ ಬಿದ್ದ ಕೂಡಲೇ ಅದನ್ನು ಗ್ರಹಿಸಿ, ತೆರೆದ ಮಾಡನ್ನು ತಾನಾಗಿಯೇ ಮುಚ್ಚುವ ಏರ್ಪಾಡೂ ಇತ್ತು. ರೆಕ್ಕೆ ಒಂದು ದಶಕದಲ್ಲಿ ಹಳತಾಯಿತು. ಮಳೆಗೆ ತಾನಾಗಿ ಓಡುವ ವೈಪರ್‌ನ ರೂಪದಲ್ಲಿ ಅದೇ ಯೋಚನೆ ಇಂದು ಸಾಧಾರಣ ಕಾರುಗಳಲ್ಲೂ ಇದೆ.

ವಿಮಾನದ ನಕಲು ಆಕಾರಕ್ಕೆ ನಿಲ್ಲದೆ ಎಂಜಿನ್‌ಗೂ ಇಳಿದದ್ದು ಫೈರ್‌ಬರ್ಡ್ ಸರಣಿಯಲ್ಲಿ. 1954ರಲ್ಲಿ ಜನರಲ್ ಮೋಟರ್ಸ್‌ನ ಸ್ವಂತ ಪ್ರದರ್ಶನವಾದ ‘ಮೋಟೊರಾಮ’ದಲ್ಲಿ ಕಾಣಿಸಿಕೊಂಡ ಮೊದಲ ಫೈರ್‌ಬರ್ಡ್, ಚಕ್ರ ಕಟ್ಟಿದ ಜೆಟ್ ವಿಮಾನದಂತಿತ್ತು: ಒಂದೇ ಸೀಟು, ತಲೆಯ ಮೇಲೆ ಗಾಜಿನ ಗುಳ್ಳೆ, 370 ಅಶ್ವಶಕ್ತಿಯ ಗ್ಯಾಸ್ ಟರ್ಬೈನ್. 1956ರ ಎರಡನೆಯದು ನಾಲ್ವರು ಕೂರುವ ಕುಟುಂಬದ ಕಾರು, ಮೈಯೆಲ್ಲ ಟೈಟಾನಿಯಂ. ರಸ್ತೆಯೊಳಗೆ ಹೂತ ತಂತಿಯ ಸಂಕೇತ ಹಿಡಿದು, ಚಾಲಕ ಕೈಬಿಟ್ಟರೂ ಕಾರು ತನ್ನ ಪಾಡಿಗೆ ಸಾಗಬೇಕೆಂಬುದು ಅದರ ಹಿಂದಿನ ಕಲ್ಪನೆ. ಮೂರನೆಯದರಲ್ಲಿ ಸ್ಟೀರಿಂಗ್ ಚಕ್ರವೂ ಇಲ್ಲ, ಪೆಡಲುಗಳೂ ಇಲ್ಲ. ಎರಡು ಸೀಟುಗಳ ನಡುವೆ ಒಂದೇ ಹಿಡಿ: ಮುಂದೆ ತಳ್ಳಿದರೆ ವೇಗ, ಹಿಂದೆ ಎಳೆದರೆ ಬ್ರೇಕ್, ಪಕ್ಕಕ್ಕೆ ವಾಲಿಸಿದರೆ ತಿರುವು. ಇಷ್ಟಾಗಿಯೂ ಟರ್ಬೈನ್ ರಸ್ತೆಗೆ ಒಗ್ಗಲಿಲ್ಲ. ಒಂದೇ ಸಮನೆ ಜೋರಾಗಿ ತಿರುಗುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಾರಿಗಾದರೋ ನಿಲ್ಲುವುದು, ಹೊರಡುವುದು, ನಿಧಾನಿಸುವುದೇ ದಿನದ ಬಾಳು. ಅಂಥ ಓಟದಲ್ಲಿ ಟರ್ಬೈನ್ ಇಂಧನವನ್ನು ಸುಮ್ಮನೆ ಕುಡಿಯುತ್ತದೆ, ವೇಗವರ್ಧಕ ಒತ್ತಿದರೆ ತಡವಾಗಿ ಓಗೊಡುತ್ತದೆ. ಅದರ ಕಾವು ತಡೆಯುವ ಮಿಶ್ರಲೋಹವೂ ದುಬಾರಿ.

ಇದೇ ಕಾಲದ ಫೋರ್ಡ್ ನ್ಯೂಕ್ಲಿಯಾನ್‌ನಲ್ಲಿ ಆಸೆ ಇನ್ನೂ ಹಿಗ್ಗಿತು. ಹಿಂಬದಿಯಲ್ಲಿ ಪುಟ್ಟ ಪರಮಾಣು ಸ್ಥಾವರ ಹೊತ್ತು, ಒಮ್ಮೆ ಇಂಧನ ತುಂಬಿದರೆ 5000 ಮೈಲಿ ಓಡಬೇಕಾಗಿದ್ದ ಈ ಕಾರು ಎಂಟರಲ್ಲಿ ಮೂರರಷ್ಟು ಅಳತೆಯ ಮಾದರಿಯಾಗಿಯೇ ಉಳಿಯಿತು. ವಿಕಿರಣ ತಡೆಯುವ ಕವಚದ ತೂಕವನ್ನು ಯಾವ ಕಾರೂ ಹೊರುವಂತಿರಲಿಲ್ಲ.

ಇಟಲಿಯ ಕಥೆ ಬೇರೆ. ಅಲ್ಲಿ ಈ ಕೆಲಸ ಮಾಡುತ್ತಿದ್ದವರು ದೊಡ್ಡ ಕಾರ್ಖಾನೆಗಳಿಗಿಂತ ಹೆಚ್ಚಾಗಿ ಕಾರಿನ ಮೈ ಕಟ್ಟಿಕೊಡುವ ಟುರಿನ್‌ನ ಕುಶಲಕರ್ಮಿಗಳು. ಕಾನ್ಸೆಪ್ಟ್ ಕಾರು ಅವರ ಪಾಲಿಗೆ ಕೆಲಸ ತಂದುಕೊಡುವ ಅಂಗಡಿಯ ಫಲಕ. ಬೆರ್ಟೊನೆ ಸಂಸ್ಥೆಗಾಗಿ ಫ್ರಾಂಕೊ ಸ್ಕಾಲ್ಯೋನೆ 1953ರಿಂದ 1955ರವರೆಗೆ ವರ್ಷಕ್ಕೊಂದರಂತೆ ರೂಪಿಸಿದ ಆಲ್ಫಾ ರೊಮೆಯೊ ಬ್ಯಾಟ್ ಕಾರುಗಳಲ್ಲೂ ರೆಕ್ಕೆಗಳಿದ್ದವು. ಆದರೆ ಅವು ಒಳಕ್ಕೆ ಬಾಗಿ, ಗಾಳಿಯನ್ನು ಸದ್ದಿಲ್ಲದೆ ಹಿಂದಕ್ಕೆ ದಾಟಿಸುತ್ತಿದ್ದವು. ಎರಡನೆಯದಾದ ಬ್ಯಾಟ್ 7ರ ಗಾಳಿ ಪ್ರತಿರೋಧದ ಗುಣಾಂಕ 0.19 ಎಂದು ದಾಖಲಾಗಿದೆ. ಇಂದಿನ ವಿದ್ಯುತ್ ಕಾರುಗಳಲ್ಲೂ ಆ ಅಂಕಿಯ ಹತ್ತಿರ ಸುಳಿಯುವವು ಕೆಲವೇ.

ಬೆರ್ಟೊನೆಯ ಮತ್ತೊಬ್ಬ ವಿನ್ಯಾಸಕ ಮಾರ್ಚೆಲ್ಲೊ ಗಾಂಡೀನಿ 1968ರ ಕರಾಬೊದಲ್ಲಿ ಬಾಗಿಲನ್ನು ಕತ್ತರಿಯಂತೆ ಮೇಲಕ್ಕೆತ್ತಿದ. ಅದೇ ಬಾಗಿಲು ಮುಂದೆ ಲ್ಯಾಂಬೊರ್ಗಿನಿ ಕೌಂಟಾಚ್‌ನ ಗುರುತಾಯಿತು. 1970ರ ಸ್ಟ್ರಾಟೊಸ್ ಝೀರೊದಲ್ಲಿ ಅವನು ಬಾಗಿಲನ್ನೇ ತೆಗೆದುಹಾಕಿದ. ನೆಲದಿಂದ ಮಾಡಿಗೆ ಕೇವಲ 84 ಸೆಂಟಿಮೀಟರ್, ಅಂದರೆ ಊಟದ ಮೇಜಿಗಿಂತ ಒಂದು ಗೇಣೂ ಹೆಚ್ಚಿಲ್ಲ. ಹತ್ತುವವರು ಮುಂಗಾಜನ್ನು ಮೇಲಕ್ಕೆತ್ತಿ, ಮೂತಿಯ ಮೇಲೆ ಹಾಸಿದ ರಬ್ಬರಿನ ಮೇಲೆ ಕಾಲಿಟ್ಟು, ಸ್ಟೀರಿಂಗ್ ಕಂಬವನ್ನು ಮುಂದಕ್ಕೆ ಮಡಚಿ, ಮೆಲ್ಲಗೆ ಒಳಗೆ ಮಲಗಿದಂತೆ ಕೂರಬೇಕು. ಸಂಸ್ಥೆಯ ಒಡೆಯ ನುಚ್ಚೊ ಬೆರ್ಟೊನೆ ಇದನ್ನು ಲ್ಯಾನ್ಸಿಯಾ ಕಂಪನಿಗೆ ತೋರಿಸಲು ಓಡಿಸಿಕೊಂಡು ಹೋದಾಗ, ಗೇಟಿನ ಅಡ್ಡಗಂಬ ಎತ್ತುವ ಮೊದಲೇ ಅದರಡಿ ನುಸುಳಿ ಒಳಗೆ ಹೋದನಂತೆ. ಆ ಭೇಟಿಯಿಂದ ಹುಟ್ಟಿದ ಸ್ಟ್ರಾಟೊಸ್ ರ‍್ಯಾಲಿ ಕಾರಿಗೆ ಮಾಮೂಲಿ ಬಾಗಿಲುಗಳಿದ್ದವು. ಲ್ಯಾನ್ಸಿಯಾಗೆ ಅದು 1974ರಿಂದ ಸತತ ಮೂರು ವರ್ಷ ವಿಶ್ವ ರ‍್ಯಾಲಿ ಪ್ರಶಸ್ತಿ ತಂದಿತು.

ಪ್ರದರ್ಶನ ಮುಗಿದ ಮೇಲೆ ಇಂಥ ಕಾರುಗಳ ಪಾಡು ಒಂದೊಂದು ಬಗೆ. ಎಷ್ಟೋ ಗುಜರಿಗೆ ಹೋದವು. ಎರಡೂವರೆ ಲಕ್ಷ ಡಾಲರ್ ಖರ್ಚಿನಲ್ಲಿ ತಯಾರಾದ 1955ರ ಲಿಂಕನ್ ಫ್ಯೂಚುರಾವನ್ನು ಕಾರು ಮಾರ್ಪಡಿಸುವ ಕಸುಬಿನ ಜಾರ್ಜ್ ಬ್ಯಾರಿಸ್ ಒಂದು ಡಾಲರಿಗೆ ಕೊಂಡು, 1966ರ ಟಿವಿ ಧಾರಾವಾಹಿಗಾಗಿ ಬ್ಯಾಟ್‌ಮನ್‌ನ ಕಾರನ್ನಾಗಿ ಮಾರ್ಪಡಿಸಿದ. ಮುಂಗಾಜಿನ ಪಕ್ಕದ ಕಂಬಗಳೇ ಇಲ್ಲದ ಕ್ರೈಸ್ಲರ್ ನಾರ್ಸ್‌ಮನ್ ಪ್ರದರ್ಶನದ ವೇದಿಕೆಯನ್ನೇ ಕಾಣಲಿಲ್ಲ. ಟುರಿನ್‌ನ ಗಿಯಾ ಸಂಸ್ಥೆ ಕಟ್ಟಿದ ಅದನ್ನು ಅಮೆರಿಕಕ್ಕೆ ಸಾಗಿಸುತ್ತಿದ್ದ ಆಂಡ್ರಿಯಾ ಡೋರಿಯಾ ಹಡಗು 1956ರ ಜುಲೈನಲ್ಲಿ ನ್ಯಾಂಟಕೆಟ್ ಬಳಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಕಾರು ಹಡಗಿನ ಜೊತೆಗೇ ಅಟ್ಲಾಂಟಿಕ್‌ನ ತಳ ಸೇರಿತು.