ಕನ್ನಡದ ಪುಟ ಗೂಗಲ್‌ಗೆ ಸಿಗಬೇಕಾದರೆ... ಗಡಿಭಾಗದ ಜಾಲತಾಣಗಳಿಗೊಂದು ಕೈಪಿಡಿ

ಬುಧಗಾಂವ: ಒಂದು ಕಾಲಕ್ಕೆ ಕಿರಿಯ ಮಿರಜ ಸಂಸ್ಥಾನದ ರಾಜಧಾನಿಯಾಗಿದ್ದ ಬುಧಗಾಂವ ಇಂದು ಸಾಂಗ್ಲಿ ಜಿಲ್ಲೆ, ಮಿರಜ ತಾಲೂಕಿನ ಒಂದು ಊರು. ಇದರ ಹೆಸರನ್ನು ಬುಧಗಾಂವ, ಬುಧಗಾವ, ಬುಧಗಾಂವ್ ಎಂದು ಬಗೆಬಗೆಯಾಗಿ ಬರೆಯುವವರುಂಟು. ಮರಾಠಿ, ಇಂಗ್ಲಿಷ್ ಬರವಣಿಗೆ ಮತ್ತೆ ಬೇರೆ. ಓದುಗರಿಗೆ ಎಲ್ಲವೂ ಒಂದೇ ಊರು. ಆದರೆ ಶೋಧಯಂತ್ರಕ್ಕೆ, ಅಂದರೆ ಸರ್ಚ್ ಎಂಜಿನ್‌ಗೆ, ಅವು ಬೇರೆ ಬೇರೆ ಅಕ್ಷರಗಳ ಸಾಲು.

ಶಾಲಾ ಪ್ರವೇಶದ ಪ್ರಕಟಣೆ, ಗ್ರಾಮಸಭೆಯ ಸೂಚನೆ, ಜಾತ್ರೆಯ ಸುದ್ದಿ ಕನ್ನಡದಲ್ಲಿ ಜಾಲಕ್ಕೇರಿದರೂ ಹುಡುಕಿದವರಿಗೆ ಸಿಗದಿದ್ದರೆ ಇದ್ದೂ ಇಲ್ಲದಂತೆ. ಎರಡು ಭಾಷೆ ಬಲ್ಲ ಗಡಿಯ ಓದುಗರು ಆಗ ಮರಾಠಿ ಪುಟಕ್ಕೆ ಹೋಗುತ್ತಾರೆ. ನಾಲ್ಕು ಸಲ ಹೀಗಾದರೆ ಐದನೆಯ ಸಲ ಕನ್ನಡದಲ್ಲಿ ಹುಡುಕುವ ಗೋಜಿಗೇ ಹೋಗುವುದಿಲ್ಲ. ನಷ್ಟ ಜಾಲತಾಣದ್ದು ಮಾತ್ರವಲ್ಲ, ಭಾಷೆಯದೂ ಹೌದು.

ಮೊದಲು ಯುನಿಕೋಡ್

1998ರಲ್ಲಿ ಬಂದ ಬರಹ, ನಂತರ ಬಂದ ನುಡಿ ತಂತ್ರಾಂಶಗಳು ಕನ್ನಡಿಗರಿಗೆ ಗಣಕದಲ್ಲಿ ಬರೆಯಲು ಕಲಿಸಿದವು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಉಳಿಯುವುದು ರೋಮನ್ ಅಕ್ಷರಗಳ ಸಂಕೇತ. ಆ ಫಾಂಟು ಇಲ್ಲದ ಗಣಕಕ್ಕೂ ಶೋಧಯಂತ್ರಕ್ಕೂ ಅದು ಅರ್ಥವಿಲ್ಲದ ಗೀಚು! ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಹಳೆಯ ಫಾಂಟಿನ ಪುಟಗಳನ್ನು ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಓದಿ ತಿದ್ದಬೇಕು. ಪ್ರಕಟಣೆಯ ಫೋಟೋ ಮಾತ್ರ ಹಾಕುವುದೂ ಸಾಲದು. ಅದರ ಮುಖ್ಯಾಂಶವನ್ನು ಟೈಪಿಸಿ ಕೆಳಗೆ ಕೊಡಬೇಕು.

ಒಂದು ಭಾಷೆ, ಒಂದು ವಿಳಾಸ

ಪುಟ ಯಾವ ಭಾಷೆಯದೆಂದು ಗೂಗಲ್ ತಿಳಿಯುವುದು ಅದರಲ್ಲಿ ಕಾಣುವ ಬರಹದಿಂದ. ಅರ್ಧ ಕನ್ನಡ, ಅರ್ಧ ಮರಾಠಿ ಇದ್ದರೆ ಗೊಂದಲ. ಆದ್ದರಿಂದ ಒಂದೇ ಸುದ್ದಿಯಾದರೂ ಎರಡು ಭಾಷೆಗೆ ಎರಡು ಪುಟ, ಎರಡು ವಿಳಾಸ ಇರಲಿ. ಇವೆರಡೂ ಜೋಡಿ ಎಂದು ಹೇಳಲು ‘ಎಚ್‌ರೆಫ್‌ಲ್ಯಾಂಗ್’ ಎಂಬ ಗುರುತಿದೆ. ಗೂಗಲ್ ಇದನ್ನು 2011ರಲ್ಲಿ ತಂದಿತು. ಕನ್ನಡಕ್ಕೆ ‘ಕೆ ಎನ್’, ಮರಾಠಿಗೆ ‘ಎಂ ಆರ್’ ಎಂಬ ಸಂಕೇತ. ಗುರುತು ಎರಡೂ ಪುಟಗಳಲ್ಲಿ ಇರಬೇಕು. ಒಂದೇ ಕಡೆ ಇದ್ದರೆ ಲೆಕ್ಕಕ್ಕಿಲ್ಲ.

ಗಡಿಭಾಗದವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಕೆಲವು ತಾಣಗಳು ಓದುಗ ಎಲ್ಲಿದ್ದಾನೆಂದು ನೋಡಿ ತಾವೇ ಭಾಷೆ ಆರಿಸುತ್ತವೆ. ಮಹಾರಾಷ್ಟ್ರದಲ್ಲಿದ್ದರೆ ಮರಾಠಿ, ಕರ್ನಾಟಕದಲ್ಲಿದ್ದರೆ ಕನ್ನಡ ಎಂಬ ಲೆಕ್ಕ. ಹೀಗಾದರೆ ಸಾಂಗ್ಲಿ, ಜತ್ತ, ಅಕ್ಕಲಕೋಟೆಗಳ ಕನ್ನಡಿಗರಿಗೆ ಕನ್ನಡದ ಪುಟ ತೆರೆಯುವುದೇ ಇಲ್ಲ! ಹೆಚ್ಚಾಗಿ ಅಮೆರಿಕದಿಂದ ಬರುವ ಗೂಗಲ್‌ನ ಯಂತ್ರವೂ ಒಂದೇ ಭಾಷೆ ಕಂಡು ಮರಳುತ್ತದೆ. ಭಾಷೆಯ ಆಯ್ಕೆ ಓದುಗರ ಕೈಯಲ್ಲಿರಲಿ. ಪುಟದ ಮೇಲ್ಗಡೆ ಎರಡು ಕೊಂಡಿ ಕೊಟ್ಟರೆ ಸಾಕು.

ಬಾಗಿಲು ತೆರೆದಿದೆಯೇ?

ಯಂತ್ರ ಎಲ್ಲಿಗೆ ಬರಬಾರದೆಂದು ಹೇಳುವ ಪುಟ್ಟ ಕಡತ ‘ರೋಬೋಟ್ಸ್’. ಈ ಪದ್ಧತಿ 1994ರಿಂದ ಇದೆ. ತಾಣ ಕಟ್ಟುವಾಗ ಹಾಕಿದ ತಡೆಯನ್ನು ತೆಗೆಯಲು ಮರೆತರೆ ಇಡೀ ಜಾಲತಾಣ ಶೋಧಕ್ಕೆ ಮುಚ್ಚಿಬಿಡುತ್ತದೆ. ಪುಟದೊಳಗಿನ ‘ನೋಇಂಡೆಕ್ಸ್’ ಎಂಬ ಗುರುತನ್ನೂ ನೋಡಿಕೊಳ್ಳಬೇಕು. ಎಲ್ಲ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಕೊಟ್ಟರೆ ಯಂತ್ರಕ್ಕೆ ದಾರಿ ಸುಲಭ. ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಕೊಡಬಹುದು.

ಶೀರ್ಷಿಕೆ ಮತ್ತು ವಿಳಾಸ

‘ಮುಖಪುಟ’, ‘ಸುದ್ದಿ’ ಎಂಬ ಬರಿಯ ಶೀರ್ಷಿಕೆ ಬೇಡ. ಊರು, ವಿಷಯ, ವರ್ಷ ಬರಲಿ. ಊರಿನ ಹೆಸರಿನ ಒಂದು ರೂಪವನ್ನು ಶೀರ್ಷಿಕೆಯಲ್ಲಿ ಖಾಯಂ ಮಾಡಿ, ಉಳಿದ ರೂಪಗಳನ್ನು ಬರಹದಲ್ಲಿ ಸಹಜವಾಗಿ ಒಮ್ಮೆ ತಂದರೆ ಒಳ್ಳೆಯದು. ಅದನ್ನೇ ಹತ್ತು ಸಲ ತುರುಕಿದರೆ ತಿರುಗುಬಾಣ. ಹಿಂದೆ ‘ಕೀವರ್ಡ್ಸ್’ ಎಂದು ಒಳಗೆ ಬರೆದಿಡುತ್ತಿದ್ದ ಪದಪಟ್ಟಿಯನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಕನ್ನಡ ಲಿಪಿಯ ವಿಳಾಸವೂ ನಡೆಯುತ್ತದೆ. ಆದರೆ ಅದನ್ನು ಬೇರೆಡೆ ಅಂಟಿಸಿದಾಗ ‘ಬುಧಗಾಂವ’ ಎಂಬ ಒಂದು ಪದವೇ 63 ಚಿಹ್ನೆಗಳಷ್ಟು ಉದ್ದವಾಗಬಹುದು. ಹಂಚಿಕೊಳ್ಳಲು ಚಿಕ್ಕ ರೋಮನ್ ವಿಳಾಸವೇ ಅನುಕೂಲ. ವಿಳಾಸ ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ 301 ಎಂಬ ಶಾಶ್ವತ ದಾರಿ ಮಾಡಿಕೊಡಲು ಮರೆಯಬಾರದು.

ಮೊಬೈಲ್ ಮತ್ತು ವೇಗ

ಗೂಗಲ್ ಈಗ ಮೊದಲು ನೋಡುವುದು ಪುಟದ ಮೊಬೈಲ್ ರೂಪವನ್ನು. ಈ ಬದಲಾವಣೆ 2023ರಲ್ಲಿ ಪೂರ್ಣಗೊಂಡಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕೆಂಬುದು ಅದರ ಅಳತೆ. ಭಾರಿ ಫೋಟೋಗಳನ್ನು ಕುಗ್ಗಿಸಿ ಹಾಕುವುದು ಮೊದಲ ಕೆಲಸ. ಹಳ್ಳಿಯ ದುರ್ಬಲ ನೆಟ್‌ವರ್ಕಿಗೂ ಅದು ಉಪಕಾರ.

ಪರೀಕ್ಷೆ ಹೇಗೆ?

ಗೂಗಲ್‌ನಲ್ಲಿ ‘ಸೈಟ್’ ಎಂಬ ಇಂಗ್ಲಿಷ್ ಪದ, ಕೋಲನ್ ಚಿಹ್ನೆ, ಬಳಿಕ ಜಾಲತಾಣದ ವಿಳಾಸ ಬರೆದು ಹುಡುಕಿದರೆ ಯಾವ ಪುಟಗಳು ಸಿಗುತ್ತಿವೆ ಎಂಬ ಅಂದಾಜು ಬರುತ್ತದೆ. ಪೂರ್ಣ ವಿವರಕ್ಕೆ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯವಿದೆ. ಜನ ಯಾವ ಪದ ಬರೆದು ಬಂದರೆಂಬುದನ್ನೂ ಅದು ತೋರಿಸುತ್ತದೆ. ಇಷ್ಟೆಲ್ಲ ಮಾಡಿದರೂ ಮೊದಲ ಸ್ಥಾನ ಖಚಿತವೆಂದು ಯಾರೂ ಮಾತು ಕೊಡಲಾರರು. ಹಾಗೆಂದು ಹಣ ಕೇಳುವವರಿಂದ ದೂರವಿರುವುದು ಲೇಸು.