ಒಂದು ನಾಟಕ, ಒಂದು ಪುಸ್ತಕ

ಕಥೆ ಕೇಳಿ ಕಣ್ಣೀರಿಡುವವರು ಬಹುಮಂದಿ. ಕೇಳಿದ ಕಥೆಯಿಂದ ಬಾಳನ್ನೇ ತಿದ್ದಿಕೊಳ್ಳುವವರು ವಿರಳ. ಗಾಂಧೀಜಿಯವರು ಈ ವಿರಳರ ಸಾಲಿಗೆ ಸೇರಿದವರು.

ರಾಜಕೋಟೆಯಲ್ಲಿ ಬಾಲಕ ಮೋಹನದಾಸನು ತಂದೆಯ ಅಪ್ಪಣೆ ಪಡೆದು ಹರಿಶ್ಚಂದ್ರ ನಾಟಕವನ್ನು ನೋಡಿದನು. ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಕಥೆಯೇ ಅದು. ಎಷ್ಟು ನೋಡಿದರೂ ತಣಿವಿಲ್ಲ. ಮತ್ತೆ ಮತ್ತೆ ಹೋಗಲು ಅಪ್ಪಣೆಯಿಲ್ಲ. ಹುಡುಗನು ಮನಸ್ಸಿನಲ್ಲಿಯೇ ಆ ನಾಟಕವನ್ನು ಲೆಕ್ಕವಿಲ್ಲದಷ್ಟು ಸಲ ಆಡಿಕೊಂಡನು. ಎಲ್ಲರೂ ಹರಿಶ್ಚಂದ್ರನಂತೆ ಸತ್ಯವಂತರೇಕಾಗಬಾರದು ಎಂಬ ಪ್ರಶ್ನೆ ಹಗಲಿರುಳೂ ಅವನನ್ನು ಕಾಡಿತು.

ಇನ್ನು ಪುಸ್ತಕದ ಮಾತು. ಇಂಗ್ಲೆಂಡಿನ ಜಾನ್ ರಸ್ಕಿನ್ನನು 1860ರಲ್ಲಿ ‘ಕಾರ್ನ್‌ಹಿಲ್’ ಮಾಸಪತ್ರಿಕೆಗೆ ಅರ್ಥಶಾಸ್ತ್ರದ ಮೇಲೆ ಲೇಖನಮಾಲೆಯೊಂದನ್ನು ಬರೆಯತೊಡಗಿದನು. ಓದುಗರು ಸಿಡಿದೆದ್ದರು, ನಾಲ್ಕು ಲೇಖನಗಳಿಗೇ ಮಾಲೆ ನಿಂತಿತು. 1862ರಲ್ಲಿ ಅವೇ ‘ಅನ್‌ಟು ದಿಸ್ ಲಾಸ್ಟ್’ ಎಂಬ ಪುಸ್ತಕವಾದವು.

1904ರಲ್ಲಿ ವಕೀಲ ಗಾಂಧಿಯವರು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೊರಟಾಗ, ಮಿತ್ರ ಹೆನ್ರಿ ಪೋಲಕರು ರೈಲು ನಿಲ್ದಾಣದಲ್ಲಿ ಈ ಪುಸ್ತಕವನ್ನು ಕೈಗಿತ್ತರು. 24 ಗಂಟೆಗಳ ಪ್ರಯಾಣ. ಓದು ಹಿಡಿದ ಮೇಲೆ ಬಿಡಲಾಗಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ಅವರು ಅದರಿಂದ ಮೂರು ತತ್ತ್ವಗಳನ್ನು ಕಂಡುಕೊಂಡರು. ಎಲ್ಲರ ಹಿತದಲ್ಲಿಯೇ ಒಬ್ಬನ ಹಿತವಿದೆ. ಇದು ಅವರಿಗೆ ಮೊದಲೇ ತಿಳಿದಿತ್ತು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ. ಇದು ಮಸುಕಾಗಿ ಹೊಳೆದಿತ್ತು. ಉಳುವವನ, ಕೈಕಸುಬಿನವನ ದುಡಿಮೆಯ ಬಾಳೇ ಬಾಳು. ಇದು ಅದುವರೆಗೆ ತೋರಿಯೇ ಇರಲಿಲ್ಲ.

ಬೆಳಗಾಗುತ್ತಲೇ ಕಾರ್ಯಕ್ಕೆ ಸಿದ್ಧರಾದರು. ‘ಇಂಡಿಯನ್ ಒಪಿನಿಯನ್’ ಪತ್ರಿಕೆಯನ್ನು ಹೊಲಕ್ಕೆ ಸಾಗಿಸಬೇಕು, ವರ್ಣಭೇದವಿಲ್ಲದೆ ಎಲ್ಲರಿಗೂ ತಿಂಗಳಿಗೆ 3 ಪೌಂಡು ಎಂದು ಮುದ್ರಣಾಲಯದ ಆಲ್ಬರ್ಟ್ ವೆಸ್ಟರಿಗೆ ಹೇಳಿದರು. ವೆಸ್ಟರು ಒಪ್ಪಿದರು, ಕೆಲಸಗಾರರೆಲ್ಲರೂ ಒಪ್ಪಲಿಲ್ಲ. ಆದರೂ 1,000 ಪೌಂಡಿಗೆ 100 ಎಕರೆ ಭೂಮಿ ಕೊಂಡು ಫೀನಿಕ್ಸ್ ಆಶ್ರಮವನ್ನು ಹೂಡಿದ್ದಾಯಿತು. ಅಲ್ಲಿ ತಾವು ಬಹುಕಾಲ ನೆಲೆಸಲಾಗಲಿಲ್ಲವೆಂಬ ವ್ಯಥೆ ಮಾತ್ರ ಅವರಿಗೆ ಉಳಿದೇ ಇತ್ತು. 1908ರಲ್ಲಿ ಆ ಪುಸ್ತಕದ ಸಾರವನ್ನು ‘ಸರ್ವೋದಯ’ವೆಂಬ ಹೆಸರಿನಿಂದ ಗುಜರಾತಿಗೆ ತಂದರು.

ಅದೇ ಬರಹ ಕೆಲವರಿಗೆ ಸಿಟ್ಟು ತರಿಸಿತು, ಒಬ್ಬರಿಗೆ ದಾರಿ ತೋರಿಸಿತು. ಏಕೆ? ಹರಿಶ್ಚಂದ್ರನು ಎಬ್ಬಿಸಿದ ಪ್ರಶ್ನೆಯನ್ನು ಗಾಂಧೀಜಿ ಮರೆಯಲು ಬಿಟ್ಟಿರಲಿಲ್ಲ. ಹದವಾದ ನೆಲದಲ್ಲಿಯೇ ಬೀಜ ಮೊಳೆಯುವುದು. ಪುಸ್ತಕವಾಗಲಿ, ನಾಟಕವಾಗಲಿ, ಬಾನುಲಿಯ ಭಾಷಣವಾಗಲಿ ದೀಪವನ್ನು ಹಿಡಿಯಬಲ್ಲದು. ಮರುದಿನ ಎದ್ದು ಹೆಜ್ಜೆಯಿಡಬೇಕಾದವರು ನಾವೇ.