ಸೊಸೆಯೂ ಹೌದು, ಸರ್ಕಾರವೂ ಹೌದು: ರಾಯದುರ್ಗ–ಮಡಕಶಿರಾ ಗಡಿಯಲ್ಲಿ ಕೋವಿಡ್ ಕಾಲದ ಆರೋಗ್ಯ ಕಾರ್ಯಕರ್ತೆಯರ ಮಾನಸಿಕ ಸ್ಥಿತಿ

ಗ್ರಾಮೀಣ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಬಳ್ಳಾರಿಗೆ ದೊಡ್ಡ ಸ್ಥಾನವಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಸುತ್ತುವ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ತಳಹದಿ. ರಾಯದುರ್ಗವೂ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರುಗಳು ಕರ್ನೂಲಿಗೂ ರಾಯದುರ್ಗ ಅನಂತಪುರಕ್ಕೂ ಸೇರಿದವು. ಅನೇಕರ ಮಾತು ಕನ್ನಡವಾಗಿಯೇ ಉಳಿಯಿತು, ಕಡತ ತೆಲುಗಾಯಿತು.

ಬಳ್ಳಾರಿ ಮಾದರಿಯಲ್ಲಿ ಕಾರ್ಯಕರ್ತೆಯದು ಕಾಯಿಲೆ ಗುರುತಿಸುವ ಕೆಲಸ. ಆಕೆಯ ಮನಸ್ಸೇ ಕುಸಿದರೆ ಯಾರು ಗುರುತಿಸಬೇಕೆಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಕೋವಿಡ್ ಕಾಲದ 2020–21ರಲ್ಲಿ ಆ ಪ್ರಶ್ನೆ ಮನೆಬಾಗಿಲಿಗೇ ಬಂತು.

ಆ ಕಾಲದ ಸಂಶೋಧನೆಗಳು ಹೆಚ್ಚಾಗಿ ನೋಡಿದ್ದು ಆಸ್ಪತ್ರೆಗಳನ್ನು. 2020ರ ಮಾರ್ಚ್‌ನಲ್ಲಿ ಪ್ರಕಟವಾದ ಚೀನಾದ ಪ್ರಸಿದ್ಧ ಅಧ್ಯಯನವೊಂದು 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು ಒಳಗೊಂಡಿತ್ತು. ಅವರಲ್ಲಿ ಶೇ 50.4 ಮಂದಿಗೆ ಖಿನ್ನತೆಯ, ಶೇ 44.6 ಮಂದಿಗೆ ಆತಂಕದ, ಶೇ 34 ಮಂದಿಗೆ ನಿದ್ರಾಹೀನತೆಯ ಲಕ್ಷಣಗಳಿದ್ದವು. ಈ ಅಂಕಿಗಳನ್ನು ಗಡಿಯ ಹಳ್ಳಿಗಳಿಗೆ ಹಾಗೇ ಅನ್ವಯಿಸುವುದು ತಪ್ಪು. ಆಸ್ಪತ್ರೆಯ ನರ್ಸ್ ಡ್ಯೂಟಿ ಮುಗಿಸಿ ಗೇಟು ದಾಟಿ ಹೊರಬರಬಹುದು. ಆಶಾ ಕಾರ್ಯಕರ್ತೆಗೆ ದಾಟಲು ಗೇಟೇ ಇಲ್ಲ.

ನಿಯಮದ ಪ್ರಕಾರ ಆಶಾ ಅದೇ ಊರಲ್ಲಿ ನೆಲೆಸಿದ ಹೆಣ್ಣುಮಗಳಾಗಿರಬೇಕು, ಸಾಮಾನ್ಯವಾಗಿ ಸಾವಿರ ಜನರಿಗೆ ಒಬ್ಬರು. ಅಂದರೆ ಬಹುಪಾಲು ಆಕೆ ಆ ಊರಿನ ಸೊಸೆ. ಆಂಧ್ರದ ಮಡಕಶಿರಾ ಸೀಮೆಯ ರೊಳ್ಳ, ಅಗಳಿ, ಅಮರಾಪುರದ ಕಡೆ ಬೆಂಗಳೂರಿಗೆ ದುಡಿಯಲು ಹೋದವರು ಲಾಕ್‌ಡೌನಿನಲ್ಲಿ ಊರಿಗೆ ಮರಳಿದಾಗ ಅವರ ಹೆಸರು ಬರೆದುಕೊಳ್ಳಬೇಕಾದವರು ಈ ಸೊಸೆಯೇ. ಅತ್ತೆ, ಭಾವ, ಚಿಕ್ಕಪ್ಪ ಎಂದು ಕರೆಯುವವರ ಬಾಗಿಲಲ್ಲಿ ನಿಂತು ‘ಯಾವಾಗ ಬಂದ್ರಿ, ಜ್ವರ ಐತಾ’ ಎಂದು ಕನ್ನಡದಲ್ಲಿ ಕೇಳಬೇಕು. ಉತ್ತರವನ್ನು ತೆಲುಗು ಆಡಳಿತದ ನಮೂನೆಗೆ ಇಳಿಸಬೇಕು. ಆ ಬರಹದಿಂದ ಮನೆಯವರನ್ನು ಕ್ವಾರಂಟೈನಿಗೆ ಕರೆದೊಯ್ದರೆ ದೂರು ಕೇಳಬೇಕಾದವರೂ ಆಕೆಯೇ. ಸಂಜೆ ಹಿತ್ತಲಲ್ಲೇ ಸ್ನಾನ ಮಾಡಿ, ಸೀರೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಒಳಗೆ ಬಂದರೆ ಮಗು ಓಡಿ ಬಂದು ತಬ್ಬಿಕೊಳ್ಳುವಂತಿಲ್ಲ. ಮರುದಿನ ಅದೇ ಬೀದಿ, ಅದೇ ಮನೆಗಳು.

ಹಾಗಾಗಿ ಆಕೆಯ ನೋವಿನ ಬೇರು ಸೋಂಕಿನ ಭಯಕ್ಕಿಂತ ಆಳದಲ್ಲಿ, ಸಂಬಂಧಗಳಲ್ಲಿತ್ತು ಎಂಬುದು ನನ್ನ ವಾದ. 2021ರ ಜನವರಿ 16ರಿಂದ ಆರೋಗ್ಯ ಸಿಬ್ಬಂದಿಗೆ ಮೊದಲು ಲಸಿಕೆ ಸಿಕ್ಕಿತು, ಭಯ ತಗ್ಗಿತು. ಮುರಿದ ಮಾತುಕತೆಗೆ ಲಸಿಕೆ ಇರಲಿಲ್ಲ. 2020ರ ಏಪ್ರಿಲ್ 22ರ ಸುಗ್ರೀವಾಜ್ಞೆ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧವನ್ನಾಗಿ ಮಾಡಿತು. ಬೆಂಗಳೂರಿನಲ್ಲಿ ನಡೆದಂಥ ಹಲ್ಲೆಗಳಿಗೆ ಅದು ಅಗತ್ಯವೇ ಆಗಿತ್ತು. ಆದರೆ ನಲ್ಲಿಯ ಬಳಿ ತನ್ನ ಕೊಡಕ್ಕೆ ಯಾರೂ ಜಾಗ ಬಿಡದಿದ್ದರೆ ಸೊಸೆ ಯಾವ ಠಾಣೆಗೆ ಹೋಗಬೇಕು?

ಗಡಿ ಈ ಭಾರವನ್ನು ಇಮ್ಮಡಿಸಿತು. ಮಡಕಶಿರಾಕ್ಕೆ ಮೂರು ಕಡೆ ಕರ್ನಾಟಕ. ಸಿರಾ, ಪಾವಗಡ, ಮಧುಗಿರಿಗಳೊಂದಿಗೆ ಕೊಡುಕೊಳ್ಳುವ ಸಂಬಂಧ. ರಾಯದುರ್ಗದವರಿಗೆ ದೊಡ್ಡಾಸ್ಪತ್ರೆಯೆಂದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಆಗಿನ ವಿಮ್ಸ್. ರಾಜ್ಯದ ಗಡಿ ಮುಚ್ಚಿದರೆ ರೋಗಿಯನ್ನು ಎಲ್ಲಿಗೆ ಕಳಿಸುವುದು? 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ದಾರಿ ಮುಚ್ಚಿದಾಗ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಮಾಡಬೇಕಾದ್ದು ಗೊತ್ತಿದ್ದೂ ಮಾಡಲಾಗದ ಇಂಥ ಸಂಕಟ ಮನಸ್ಸಿನಲ್ಲಿ ಉಳಿಸುವ ಗಾಯವನ್ನು ಮನೋವಿಜ್ಞಾನ ‘ನೈತಿಕ ಗಾಯ’ ಎನ್ನುತ್ತದೆ. ಯುದ್ಧದಿಂದ ಮರಳಿದ ಸೈನಿಕರ ಅಧ್ಯಯನದಲ್ಲಿ ಹುಟ್ಟಿದ ಪರಿಕಲ್ಪನೆ ಇದು. 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ, ತಿರುಪತಿಯ ರುಯಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತಾಗ ಹಾಸಿಗೆಯ ಪಕ್ಕದಲ್ಲಿದ್ದ ಸಿಬ್ಬಂದಿಗೆ ಆದದ್ದೂ ಇಂಥದೇ ಗಾಯ.

ಬಳ್ಳಾರಿಯ ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಲೇಬೇಕು. 2020ರ ಜೂನ್ 30ರಂದು, ಕೋವಿಡ್‌ನಿಂದ ಸತ್ತವರ ಶವಗಳನ್ನು ಸಿಬ್ಬಂದಿ ಒಂದೇ ಗುಂಡಿಗೆ ಎಸೆಯುತ್ತಿದ್ದ ವಿಡಿಯೊ ನಾಡನ್ನು ನಡುಗಿಸಿತು. ಜಿಲ್ಲಾಡಳಿತ ಕ್ಷಮೆ ಕೇಳಿ ಆ ತಂಡವನ್ನು ತೆಗೆದುಹಾಕಿತು. ಸತ್ತವರ ಘನತೆಗೆ ಆದ ಅಪಚಾರ ಕ್ಷಮಿಸುವಂಥದ್ದಲ್ಲ. ಆದರೂ ಪಿಪಿಇ ಕಿಟ್ಟಿನೊಳಗೆ ಬೆವರುತ್ತ, ನೀರು ಕುಡಿಯಲಾಗದೆ, ಮೂತ್ರಕ್ಕೂ ಹೋಗಲಾಗದೆ ದಿನವೂ ಹೆಣ ಹೊತ್ತವರ ಮನಸ್ಸು ಆ ಮರಗಟ್ಟುವ ಹಂತಕ್ಕೆ ಹೇಗೆ ಬಂತೆಂದು ವಿಚಾರಿಸುವುದೂ ವಿದ್ವತ್ತಿನ ಕರ್ತವ್ಯ. ಭಾವನೆ ಬತ್ತಿಹೋಗುವುದು, ಎದುರಿನ ವ್ಯಕ್ತಿ ಬರಿಯ ವಸ್ತುವಾಗಿ ಕಾಣುವುದು ವೃತ್ತಿಬಳಲಿಕೆಯ ಪ್ರಧಾನ ಲಕ್ಷಣಗಳು. ಅದನ್ನು ದುಷ್ಟತನವೆಂದಷ್ಟೇ ಓದಿದರೆ ಮುಂದಿನ ತಂಡವೂ ಅದೇ ಗುಂಡಿಯ ಅಂಚಿಗೆ ಬಂದು ನಿಲ್ಲುತ್ತದೆ.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. 2019ರಲ್ಲಿ ಆಂಧ್ರ ಸರ್ಕಾರ ಆಶಾ ಗೌರವಧನವನ್ನು 10,000 ರೂಪಾಯಿಗೆ ಏರಿಸಿತ್ತು. ಕರ್ನಾಟಕದ ಸುಮಾರು 42,000 ಆಶಾಗಳು 12,000 ರೂಪಾಯಿ ಕೇಳಿ 2020ರ ಜುಲೈ 10ರಿಂದ ಮುಷ್ಕರ ಹೂಡಿದರು. ಗಡಿಯ ಎರಡು ಬದಿಯ ಅಕ್ಕತಂಗಿಯರಿಗೆ ಕೆಲಸ ಒಂದೇ ಆಗಿತ್ತು, ಕೂಲಿ ಬೇರೆಯಾಗಿತ್ತು. ‘ಗೌರವಧನ’ ಪಡೆಯುವವರು ನೌಕರರಲ್ಲವಾದ್ದರಿಂದ ಬಳಲಿದಾಗ ರಜೆಯ ಹಕ್ಕೂ ಇರಲಿಲ್ಲ. ಸಾಲದ ಕಂತು ಕಟ್ಟಲಾಗದ ಚಿಂತೆಯನ್ನು ಆಪ್ತಸಮಾಲೋಚನೆಯಿಂದ ಕಳೆಯಲಾಗದು.

2022ರ ಅಕ್ಟೋಬರ್ 10ರಂದು 14416 ಸಂಖ್ಯೆಯ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ಆರಂಭವಾಯಿತು. ಗಡಿ ಮಂಡಲಗಳಿಂದ ಬರುವ ಕರೆಗಳಿಗೆ ಕನ್ನಡ ಬಲ್ಲ ಆಪ್ತಸಮಾಲೋಚಕರು ಖಚಿತವಾಗಿ ಸಿಗಬೇಕು. ನಿದ್ದೆ ಹತ್ತದಿರುವುದು, ಎದೆ ಭಾರ, ಮೈಕೈ ನೋವು ಎಂದು ದೇಹದ ಮೂಲಕವೇ ದುಃಖ ಹೇಳಿಕೊಳ್ಳುವವರನ್ನು ಪರಭಾಷೆಯ ಪ್ರಶ್ನಾವಳಿ ಸುಲಭವಾಗಿ ಕೈಬಿಡುತ್ತದೆ. ರಾಯದುರ್ಗದ ಕಾರ್ಯಕರ್ತೆ ಬಳ್ಳಾರಿಯ ಆ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ ಬರಲು ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಒಪ್ಪಂದ ಮಾಡಿಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲಿ ಗುರಿ, ಅಂಕಿಗಳ ಜತೆಗೆ ಆಕೆಯ ನಿದ್ದೆ, ಊಟ, ಮನೆಯ ಮಾತೂ ಬರಬೇಕು. ಅದನ್ನು ಕೇಳುವವರು ಮಾತ್ರ ಆಕೆಯ ಕೆಲಸಕ್ಕೆ ಅಂಕ ಹಾಕಿ ಗೌರವಧನಕ್ಕೆ ಸಹಿ ಹಾಕುವ ಮೇಲಧಿಕಾರಿ ಆಗಿರಬಾರದು.